ಜರ್ಮನಿ ಐತಪ್ಪ

ಆ ಪಟ ಬಂದದ್ದು ಮರದ ಪೆಟ್ಟಿಗೆಯಲ್ಲಿ,
ಅಚ್ಚಿನ ಯಂತ್ರದ ಹಲ್ಲುಚಕ್ರಕ್ಕೆ ಸುತ್ತಿದ ಹಳೆ ಪೇಪರಿನಲ್ಲಿ.
ಕರಂದಕ್ಕಾಡಿನ ಪ್ರೆಸ್ಸಿನಲ್ಲಿ ಐತಪ್ಪ ಆಗ
ಟ್ರೆಡಲಿಗೆ ಕಾಗದ ಕೊಡುವ ಹುಡುಗ, ಹದಿನೇಳು ವರ್ಷ.
ಗ್ರೀಸು ಒರೆಸಿ ಬಿಡಿಸಿದರೆ
ಕಪ್ಪು ಅಂಗಿಯವನೊಬ್ಬ, ನೆಲ ಬಿಟ್ಟವ,
ಗಾಳಿಯಲ್ಲಿ ಚಾಪೆ ಹಾಸಿ ಮಲಗಿದ ಹಾಗೆ, ಅಡ್ಡಡ್ಡ.
ಅವನ ಹಿಂದೆ ಬಲೆ. ಬಲೆಯ ಹಿಂದೆ
ಮಾಡಿಲ್ಲದ ಗೋಡೆ, ಯುದ್ಧ ತಿಂದು ಬಿಟ್ಟದ್ದು.
ಎರಡೂ ಕೈ ಚಾಚಿದ್ದ.
ಮಣಿಕಟ್ಟಿನ ಆಚೆಗೆ ಕಾಗದವೇ ಹರಿದಿತ್ತು.

ಚೆಂಡು ಸಿಕ್ಕಿತೋ, ಇಲ್ಲವೋ?

ಇದೊಂದು ಪ್ರಶ್ನೆ ಹಿಡಿದುಕೊಂಡು
ತಾಳಿಪಡ್ಪು ಮೈದಾನಕ್ಕೆ ಬಂದ.
ಅಲ್ಲಿಯವರೆಗೆ ನಮ್ಮೂರ ಗೋಲಿಗಳು
ಬಾಗಿಲ ಕಾಯುವ ಗೂರ್ಖನಂತೆ ನಿಲ್ಲುವವರು.
ಇವನು ಹಾರಿದ.
ನಮ್ಮದು ಹುಲ್ಲಲ್ಲ, ಮುರಕಲ್ಲಿನ ನೆಲ;
ಹಾರಿದವನ ಮೊಣಕೈ ತೊಗಲು ಅಲ್ಲೇ ಬಾಕಿ.
ಅವನ ತಾಯಿ ಎಣ್ಣೆ ಅರಸಿನ ಹಚ್ಚುತ್ತ
ಆ ಜರ್ಮನಿಯವನ ಏಳು ತಲೆಮಾರಿಗೆ ಶಾಪ ಹಾಕುತ್ತಿದ್ದಳು,
ಪಾಪ, ಅವನಿಗೇನು ಗೊತ್ತು.

ನಾನು ಬ್ಯಾಕ್. ಹನ್ನೊಂದು ವರ್ಷ ಅವನ ಮುಂದೆ ನಿಂತವ.
ಅವನನ್ನು ಕಂಡದ್ದಕ್ಕಿಂತ ಕೇಳಿದ್ದು ಹೆಚ್ಚು.
'ಬಿಡು ಮಾರಾಯಾ, ನನ್ನದು!'
ಆಮೇಲೆ ದೊಪ್ಪೆಂದು ಮೈ ಬಿದ್ದ ಸದ್ದು.
ಆಮೇಲೆ ಜನರ ಬೊಬ್ಬೆ. ಬೊಬ್ಬೆಯ ಬಣ್ಣ ನೋಡಿ
ಹಿಂದೆ ತಿರುಗಬೇಕೋ ಬೇಡವೋ ಎಂದು ತಿಳಿಯುತ್ತಿದ್ದೆ.

ಕಬ್ಬಿಣದ ಬಾಯಿ ತೆರೆದಾಗ ಕಾಗದ ಇಡು,
ಮುಚ್ಚುವ ಮೊದಲು ಕೈ ತೆಗೆ,
ಗಂಟೆಗೆ ಎಂಟುನೂರು ಸಲ.
ಹೀಗೆ ಹಗಲು ಕಳೆದವನಿಗೆ
ಪೆನಾಲ್ಟಿ ಎಂದರೆ ನಗು.

ಸೋನ್ಸ್ ಮಾಸ್ತರು ಮಿಶನಿನಲ್ಲಿ ಜರ್ಮನ್ ಕಲಿತವರು.
ಕನ್ನಡಕ ಏರಿಸಿ ಪಟದ ಅಡಿಬರಹ ಓದಿದರು:
'ವಾರವಿಡೀ ಕಲ್ಲಿದ್ದಲಿನ ಗಣಿಯಲ್ಲಿ ಕೆಲಸ,
ಭಾನುವಾರ ಗೋಲಿ.
ನಾಲ್ಕು ವರ್ಷ ಸೆರೆಯಲ್ಲಿದ್ದು ಬಂದವನಂತೆ.'
'ಚೆಂಡು?'
'ಚೆಂಡಿನ ವಿಷಯ ಏನೂ ಬರೆದಿಲ್ಲ ಮಗಾ.'
ಐತಪ್ಪ ತನ್ನ ಮಸಿ ಹಿಡಿದ ಉಗುರು ನೋಡಿಕೊಂಡ.
'ಅವನದೂ ಕಪ್ಪೇ ಇರಬೇಕು' ಎಂದ.

ಐವತ್ತಾರು, ನವೆಂಬರ್ ಒಂದು, ಗುರುವಾರ.
ಮೈದಾನ ಮದರಾಸಿನಲ್ಲಿ ಮಲಗಿ ಕೇರಳದಲ್ಲಿ ಎದ್ದಿತು.
ಕಂಬಗಳೆರಡೂ ಇದ್ದಲ್ಲೇ.
ಆ ಭಾನುವಾರ ಚೆರುವತ್ತೂರಿನವರ ಎದುರು
ಚೆಂಡು ಅವನ ಹೊಟ್ಟೆಯಡಿ, ಹೊಟ್ಟೆ ಗೆರೆಯ ಮೇಲೆ.
ರೆಫ್ರಿ ಸೀಟಿ ಊದಿಯಾಗಿತ್ತು.
ಮಲಯಾಳದಲ್ಲಿ ವಾದಿಸಿದ, ತುಳುವಿನಲ್ಲಿ ಬೈದ,
ಕೊನೆಗೆ ಕನ್ನಡದಲ್ಲಿ, ನನ್ನೊಬ್ಬನಿಗೇ ಕೇಳುವಷ್ಟು:
'ಇಡಿಯಾಗಿ ದಾಟಿದರೆ ಮಾತ್ರ ಅಲ್ಲವಾ ಲೆಕ್ಕ?
ಇಡಿಯಾಗಿ ದಾಟಿತಾ?'
ಚೆಂಡಿನ ಮಾತೆಂದೇ ತಿಳಿದಿದ್ದೆ.

ಪ್ರೆಸ್ಸಿಗೆ ಹೊಸ ಅಕ್ಷರಗಳು ಬಂದವು, ದುಂಡುದುಂಡಗೆ.
ನಮ್ಮ ಮೊಳೆಗಳು ಅಟ್ಟದ ಮೇಲಿನ ಖಾನೆಗೆ ಹೋದವು.
ಕಲ್ಲಿಕೋಟೆಯ ಆಯ್ಕೆಗೆ ಹೋಗಿ
ಎರಡು ಗೋಲು ತಿಂದು, ಮೀನುಗಾಡಿಯಲ್ಲಿ ವಾಪಸು ಬಂದ.
ಅರವತ್ತೆರಡರ ಮದುವೆ ಸೀಸನ್ನು, ನಡುರಾತ್ರಿ,
ಯಾರದೋ ಲಗ್ನಪತ್ರಿಕೆಯ ಮೇಲೆ
ಟ್ರೆಡಲು ಅವನ ಬಲಗೈಯ ಎರಡು ಬೆರಳು ಅಚ್ಚು ಹಾಕಿತು.
'ಹಿಡಿಯಲು ಆಗದಿದ್ದರೆ ಗುದ್ದುತ್ತೇನೆ'
ಎಂದವನು ಮತ್ತೆರಡು ವರ್ಷ ಗುದ್ದಿದ.
ಆಮೇಲೆ ಹುಡುಗರ ಪಂದ್ಯಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದ,
ನೂಲು ಹಿಡಿದು, ಗೇಣು ತಪ್ಪದಂತೆ.

ಕಳೆದ ತಿಂಗಳು ಅವನ ಮಗಳು ವಾರಿಜ
ಪಟ ತಂದುಕೊಟ್ಟಳು. ರಟ್ಟಿಗೆ ಅಂಟಿಸಿದ್ದ.
ಹರಿದ ಅಂಚಿನ ಆಚೆ, ಬರೀ ರಟ್ಟಿನ ಮೇಲೆ,
ಮಸಿಯ ಒಂದು ಬೆರಳಗುರುತು.
ಯಾವ ಬೆರಳಿನದೋ. ಚೆಂಡೆಂದು ಒತ್ತಿದ್ದೋ,
ಅಂಟಿಸುವಾಗ ತಾಗಿದ್ದೋ.

ಸಂಜೆ ತಾಳಿಪಡ್ಪಿನ ಬದಿಯಲ್ಲಿ ನಡೆಯುತ್ತಿದ್ದೆ.
ಬೆನ್ನ ಹಿಂದೆ ಹುಡುಗನೊಬ್ಬ ಕೂಗಿದ, 'ಬಿಡು, ನನ್ನದು' ಎಂಬಂಥದ್ದೇನೋ.
ಯಾವ ಭಾಷೆ ಎಂದು ತಿಳಿಯುವ ಮೊದಲೇ
ಎಂಬತ್ತು ದಾಟಿದ ತಲೆ ಬಗ್ಗಿತ್ತು.